ಬಡಾವಣೆಗೆ ವಯಸ್ಸಾಗಿದೆ: ಆಡಳಿತ ಸಮಿತಿಗೊಂದು ಬಹಿರಂಗ ಪತ್ರ

ನಮ್ಮ ಉಪನಗರದ ಆಡಳಿತ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೇ ಇದನ್ನು ಓದುವ ನೆರೆಹೊರೆಯ ಎಲ್ಲರಿಗೂ ನಮಸ್ಕಾರ.

ಕಳೆದ ಸಭೆಯಲ್ಲಿ ನೀವು ಪರದೆಯ ಮೇಲೆ ಎರಡು ಗೆರೆ ತೋರಿಸಿದಿರಿ. ಒಂದು ಗೆರೆ ಇಳಿಯುತ್ತಿತ್ತು, ಅದು ಇಲ್ಲಿನ ಮನೆಗಳ ಸರಾಸರಿ ಆದಾಯ. ಇನ್ನೊಂದು ಏರುತ್ತಿತ್ತು, ಅದು ಬಾಡಿಗೆಗೆ ಇರುವವರ ಲೆಕ್ಕ. ನೋಡಿದ ಕೂಡಲೇ ಹಿಂದಿನ ಕುರ್ಚಿಯಿಂದ ಯಾರೋ "ಮೊದಲಿನ ಹಾಗಿಲ್ಲ ಬಿಡಿ, ಏರಿಯಾ ಕೆಟ್ಟುಹೋಯ್ತು" ಅಂದರು. ಸುಮಾರು ಜನ ತಲೆಯಾಡಿಸಿದರು. ಅದರ ಬೆನ್ನಿಗೇ ನಿಮ್ಮ ಪ್ರಸ್ತಾವ ಬಂತು. ಒಂದು ಸೈಟಿಗೆ ಒಂದೇ ಮನೆ, ಒಂದು ಮನೆಗೆ ಒಂದೇ ಕುಟುಂಬ. ಔಟ್‌ಹೌಸ್ ಬಾಡಿಗೆಗೆ ಕೊಡುವಂತಿಲ್ಲ. ದೊಡ್ಡ ಸೈಟನ್ನು ಇನ್ನು ಮುಂದೆ ಒಡೆಯುವಂತಿಲ್ಲ.

ನಾನು ಅವತ್ತು ಬಾಯಿ ಬಿಡಲಿಲ್ಲ. ಸಭೆಯಲ್ಲಿ ಎದ್ದು ಮಾತಾಡುವ ಅಭ್ಯಾಸ ನನಗೆ ಕಡಿಮೆ. ಆದರೆ ಮೂವತ್ತು ವರ್ಷ ಇದೇ ಮನೆಯಲ್ಲಿದ್ದೇನೆ, ಕೆಲಸದಲ್ಲಿದ್ದಷ್ಟು ದಿನ ಲೆಕ್ಕಪತ್ರ ನೋಡಿಕೊಂಡೇ ಬಂದವನು. ಆ ಇಳಿಯುವ ಗೆರೆ ಮನೆಗೆ ಬಂದ ಮೇಲೂ ಕಣ್ಣಮುಂದೆಯೇ ಇತ್ತು. ಈ ಆದಾಯ ಇಳಿಸಿದವರು ಯಾರಪ್ಪಾ ಎಂದು ಹುಡುಕುತ್ತಾ ಹೋದೆ. ಪಟ್ಟಿಯಲ್ಲಿ ಮೊದಲು ಸಿಕ್ಕ ಹೆಸರು ನನ್ನದೇ.

ತಮಾಷೆಗೆ ಹೇಳುತ್ತಿಲ್ಲ. ನಾನು ನಿವೃತ್ತನಾದ ವರ್ಷ ನಮ್ಮ ಮನೆಯ ಆದಾಯ ಅರ್ಧಕ್ಕಿಂತ ಕೆಳಗೆ ಬಿತ್ತು. ಮನೆ ಅದೇ, ಗೇಟು ಅದೇ, ಅಂಗಳದ ಮರ ಅದೇ. ನನ್ನನ್ನು ನೋಡಿ ಯಾರೂ ಏರಿಯಾ ಕೆಟ್ಟಿತು ಅನ್ನಲಿಲ್ಲ. ಆದರೆ ನಿಮ್ಮ ಗೆರೆಯನ್ನು ಕೆಳಗೆ ಎಳೆದವರಲ್ಲಿ ನಾನೂ ಒಬ್ಬ. ನಮ್ಮ ಬೀದಿಯಲ್ಲಿ ನನ್ನಂಥವರು ಎಷ್ಟು ಜನ ಎಂದು ನೀವೇ ಎಣಿಸಿ ನೋಡಿ. ಸಂಜೆ ವಾಕಿಂಗ್ ಹೊತ್ತಿಗೆ ಬಂದರೆ ಎಲ್ಲರೂ ಸಿಗುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಮನೆಗಳ ಒಂದು ಬೀದಿ. ಪ್ರತಿ ಮನೆಯ ಆದಾಯ 100 ಎಂದುಕೊಳ್ಳಿ. ನಾಲ್ಕು ಮನೆಯವರು ನಿವೃತ್ತರಾಗಿ, ಆ ಮನೆಗಳ ಆದಾಯ 40ಕ್ಕೆ ಇಳಿಯಿತು. ಬೀದಿಯ ಸರಾಸರಿ ಈಗ 76. ಒಬ್ಬರೂ ಹೊರಗಿನಿಂದ ಬಂದಿಲ್ಲ, ಒಬ್ಬರೂ ಬಿಟ್ಟು ಹೋಗಿಲ್ಲ. ಮುಂದಿನ ವರ್ಷ ಆ ನಾಲ್ವರಲ್ಲಿ ಒಬ್ಬರು ಮನೆ ಮಾರಿದರು. ಕೊಂಡವರ ಆದಾಯ 500. ಸರಾಸರಿ ಒಂದೇ ನೆಗೆತಕ್ಕೆ 122 ಆಯಿತು! ಆಗ ನೀವು ಪರದೆಯ ಮೇಲೆ ಏರುವ ಗೆರೆ ತೋರಿಸುತ್ತೀರಿ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಉಳಿದ ಒಂಬತ್ತು ಮನೆಗೆ ಒಂದು ಪೈಸೆಯೂ ಜಾಸ್ತಿ ಬಂದಿಲ್ಲ.

ಸರಾಸರಿ ಬೇಡ, ಹತ್ತು ಮನೆಯವರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕೇಳೋಣ ಅನ್ನುತ್ತೀರಾ? ಅಮೆರಿಕದ ಜನಗಣತಿಯವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ಅದು ಸರಾಸರಿಗಿಂತ ಒಳ್ಳೆಯದೇ. ಆದರೆ ನಮ್ಮ ಬೀದಿಯಲ್ಲಿ ನಡುವಿನವರ ಆದಾಯ ಮೊದಲೂ 100, ಆಮೇಲೂ 100. ನಾಲ್ಕು ಮನೆ ಬಿಗಿಯಾದ ಸಂಗತಿ ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನನ್ನ ಮೊದಲ ಕೋರಿಕೆ ಚಿಕ್ಕದು. ಒಂದೇ ಗೆರೆ ತೋರಿಸಬೇಡಿ. ಮನೆಯ ಹಿರಿಯರ ವಯಸ್ಸಿನ ಪ್ರಕಾರ, ಸ್ವಂತ ಮನೆಯೋ ಬಾಡಿಗೆಯೋ ಎನ್ನುವುದರ ಪ್ರಕಾರ, ದುಡಿಯುವವರು ಎಷ್ಟು ಜನ ಎನ್ನುವುದರ ಪ್ರಕಾರ ಬೇರೆ ಬೇರೆ ಮಾಡಿ ತೋರಿಸಿ. ಆಮೇಲೆ ನಿಟ್ಟುಸಿರು ಬಿಡೋಣ.

ಇದು ನಮ್ಮೊಬ್ಬರ ಕಥೆ ಅಲ್ಲ. ಟೋಕಿಯೋದ ಪಶ್ಚಿಮಕ್ಕೆ ಟಾಮಾ ನ್ಯೂಟೌನ್ ಅಂತ ಇದೆ. 1971ರಲ್ಲಿ ಅಲ್ಲಿಗೆ ಮೊದಲ ಕುಟುಂಬಗಳು ಬಂದವು. ಬಂದವರಲ್ಲಿ ಬಹುಪಾಲು ಒಂದೇ ವಯಸ್ಸಿನ, ಚಿಕ್ಕ ಮಕ್ಕಳಿರುವ ದಂಪತಿಗಳು. ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು, ಹಾಗಾಗಿ ಬಂದವರೂ ಒಂದೇ ಥರ. ಮಕ್ಕಳು ಬೆಳೆದು ಹೊರಟುಹೋದರು. ಅಪ್ಪ ಅಮ್ಮಂದಿರು ಉಳಿದರು, ಒಟ್ಟಿಗೇ ಮುದುಕರಾದರು. ಲಿಫ್ಟ್ ಇಲ್ಲದ ಐದು ಮಹಡಿಯ ಕಟ್ಟಡಗಳು ಇದ್ದಕ್ಕಿದ್ದಂತೆ ಎತ್ತರವಾಗಿಬಿಟ್ಟವು. ಶಾಲೆಗಳು ಮುಚ್ಚಿದವು. ಟಾಮಾ ಸಿರಿವಂತರ ಊರೇನಲ್ಲ, ಮಧ್ಯಮ ವರ್ಗದವರದ್ದು. ಆದರೆ ನಡೆದದ್ದು ನಮ್ಮಲ್ಲಿ ನಡೆಯುತ್ತಿರುವುದೇ. ಒಂದೇ ಅಳತೆಯ ಮನೆ ಕಟ್ಟಿದರೆ ಒಂದೇ ವಯಸ್ಸಿನ, ಒಂದೇ ಸಂಬಳದ ಜನ ಬರುತ್ತಾರೆ. ಮೂವತ್ತು ವರ್ಷ ಬಿಟ್ಟು ನೋಡಿದರೆ ಎಲ್ಲರ ಮಂಡಿಯೂ ಒಂದೇ ಸಲ ನೋಯುತ್ತಿರುತ್ತದೆ.

ನಮ್ಮ ಮಕ್ಕಳು ಎಲ್ಲಿ? ನನ್ನ ಮಗಳಿಗೆ ಒಳ್ಳೆಯ ಕೆಲಸ ಇದೆ. ಆದರೂ ತಾನು ಆಡಿ ಬೆಳೆದ ಬೀದಿಯಲ್ಲಿ ಮನೆ ಕೊಳ್ಳುವ ತಾಕತ್ತು ಅವಳಿಗಿಲ್ಲ. ನಾನು ಅವಳ ವಯಸ್ಸಿನಲ್ಲಿದ್ದಾಗ ಈ ಮನೆಗೆ ಕೊಟ್ಟ ಹಣ ಎಷ್ಟು ವರ್ಷದ ಸಂಬಳ ಎಂದು ಲೆಕ್ಕ ಹಾಕಿದೆ. ಇದೇ ಮನೆಯನ್ನು ಇವತ್ತು ಕೊಳ್ಳಬೇಕಾದರೆ ಅವಳಿಗೆ ಎಷ್ಟು ವರ್ಷದ ಸಂಬಳ ಬೇಕು ಎಂದೂ ಹಾಕಿದೆ. ಎರಡನೆಯದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಅಂದರೆ ನಾವು ಸಿರಿವಂತರಾಗಿ ಇಲ್ಲಿಗೆ ಬಂದವರಲ್ಲ, ಇಲ್ಲಿ ಕೂತು ಸಿರಿವಂತರಾದವರು. ಅದೂ ಕಾಗದದ ಮೇಲೆ. ಮನೆಯ ಬೆಲೆ ಏರುತ್ತಾ ಹೋಯಿತು, ಕೈಗೆ ಬರುವ ಹಣ ಇಳಿಯುತ್ತಾ ಬಂತು. ಸಿರಿವಂತ ಬಡಾವಣೆ ಎಂಬ ಬೋರ್ಡಿನ ಹಿಂದೆ ಛಾವಣಿ ರಿಪೇರಿಯನ್ನು ಮುಂದಿನ ವರ್ಷಕ್ಕೆ ಹಾಕುತ್ತಾ ಬಂದ ಮನೆಗಳು ಎಷ್ಟಿವೆ ಎಂದು ನನಗೆ ಗೊತ್ತು. ನಮ್ಮದೂ ಅದರಲ್ಲಿ ಒಂದು.

ಈ ಇಕ್ಕಟ್ಟಿಗೆ ಕ್ಯಾಲಿಫೋರ್ನಿಯಾದವರು 1978ರಲ್ಲೇ ಒಂದು ಮದ್ದು ಹುಡುಕಿದ್ದರು. ಪ್ರಾಪೊಸಿಷನ್ 13 ಅಂತ ಅದರ ಹೆಸರು. ಮನೆಯ ಮಾರುಕಟ್ಟೆ ಬೆಲೆ ಎಷ್ಟೇ ಏರಲಿ, ತೆರಿಗೆ ಹಾಕುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ, ಮನೆ ಕೈ ಬದಲಾಯಿಸುವವರೆಗೆ. ವಯಸ್ಸಾದವರಿಗೆ ನೆಮ್ಮದಿ ಸಿಕ್ಕಿತು ನಿಜ. ಆದರೆ ಮನೆ ಬಿಟ್ಟರೆ ತೆರಿಗೆ ಏರುತ್ತದೆಂದು ದೊಡ್ಡ ಮನೆಯಲ್ಲಿ ಒಬ್ಬರೇ ಕೂತುಬಿಟ್ಟರು. ಪಕ್ಕದಲ್ಲೇ ಮನೆ ಕೊಂಡ ಎಳೆಯ ದಂಪತಿ ಅಂಥದ್ದೇ ಮನೆಗೆ ಹಲವು ಪಟ್ಟು ತೆರಿಗೆ ಕಟ್ಟುವಂತಾಯಿತು. 55 ದಾಟಿದವರು ಹಳೆಯ ತೆರಿಗೆ ಮೌಲ್ಯವನ್ನು ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಜೊತೆಗೆ ಒಯ್ಯಬಹುದು ಎಂಬ ತಿದ್ದುಪಡಿಗೆ 2020ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು. ಹಿರಿಯರು ಚಿಕ್ಕ ಮನೆಗೆ ಹೋಗಲಿ, ದೊಡ್ಡ ಮನೆ ಖಾಲಿಯಾಗಲಿ ಎನ್ನುವುದು ಅದರ ಆಸೆ. ಆದರೆ ಹೋಗಲು ಚಿಕ್ಕ ಮನೆ ಎಲ್ಲಿದೆ? ನಮ್ಮಲ್ಲಂತೂ ಇಲ್ಲ. ನಿಮ್ಮ ಪ್ರಸ್ತಾವ ಪಾಸಾದರೆ ಮುಂದೆಯೂ ಇರುವುದಿಲ್ಲ.

ಇನ್ನು ಹೊಸಬರ ವಿಷಯಕ್ಕೆ ಬರೋಣ. ಸಭೆಯಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು ಅದೇ ಅಲ್ವಾ?

ಹೊಸಬರು ಎಂದ ಕೂಡಲೇ ಬಡವರು ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಉಲ್ಟಾ. ಲಾಸ್ ಏಂಜಲಿಸ್ ಪಕ್ಕದ ಮಾಂಟೆರೇ ಪಾರ್ಕ್‌ಗೆ 1970ರ ದಶಕದಿಂದ ತೈವಾನ್, ಹಾಂಗ್‌ಕಾಂಗ್ ಕಡೆಯಿಂದ ಜನ ಬರತೊಡಗಿದರು. ಅವರಲ್ಲಿ ಓದಿದವರು, ಹಣ ಇದ್ದವರು ಬೇಕಾದಷ್ಟಿದ್ದರು. 1990ರ ಜನಗಣತಿಯ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಏಷ್ಯಾ ಮೂಲದವರು. ಹಳಬರಿಗೆ ಸಿಟ್ಟು ಬಂತು. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿರಬೇಕು ಎಂಬುದೇ ವರ್ಷಗಟ್ಟಲೆ ಜಗಳವಾಯಿತು. ಬಂದವರು ಬಡವರಾಗಿದ್ದರೆ ಬಡವರು ಬಂದರು ಎನ್ನುತ್ತಿದ್ದರು, ಹಣವಂತರಾಗಿದ್ದರಿಂದ ಬೆಲೆ ಏರಿಸಿದರು ಎಂದರು. ನಮ್ಮಲ್ಲೂ ಹಾಗೇ. ಬಾಡಿಗೆಗೆ ಬಂದವರು ಏರಿಯಾ ಕೆಡಿಸಿದರು ಎನ್ನುವ ಬಾಯಿಯೇ, ಹಳೆಯ ಮನೆ ಕೆಡವಿ ಬಂಗಲೆ ಎಬ್ಬಿಸಿದವರೂ ಕೆಡಿಸಿದರು ಎನ್ನುತ್ತದೆ. ಹಾಗಾದರೆ ಕೆಡಿಸದೆ ಬರುವುದು ಹೇಗೆ ಎಂದು ಬರುವವರಿಗೆ ಯಾರಾದರೂ ಹೇಳಿಕೊಡಬೇಕು.

ಉಪನಗರಗಳಲ್ಲಿ ಬಡತನ ಹೆಚ್ಚಿದೆ ಎನ್ನುವುದು ಸುಳ್ಳಲ್ಲ. ಅಮೆರಿಕದಲ್ಲಿ ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತು. 2000ದಿಂದ 2011ರ ನಡುವೆ ದೊಡ್ಡ ನಗರಗಳ ಸುತ್ತಲಿನ ಉಪನಗರಗಳಲ್ಲಿ ಬಡವರ ಸಂಖ್ಯೆ ಶೇ. 64ರಷ್ಟು ಏರಿತ್ತು, ನಗರದೊಳಗಿನ ಬಡವರಿಗಿಂತ ಉಪನಗರದ ಬಡವರೇ ಜಾಸ್ತಿಯಾಗಿದ್ದರು. ಇದನ್ನು ಓದಿ ನಗರದ ಬಡವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಉಪನಗರಕ್ಕೆ ಬಂದರು ಎಂದುಕೊಂಡರೆ ತಪ್ಪಾಗುತ್ತದೆ. ಬಂದವರೂ ಇದ್ದರು. ಆದರೆ ಮೊದಲಿನಿಂದಲೂ ಅಲ್ಲೇ ಇದ್ದು, ಕೆಲಸ ಕಳೆದುಕೊಂಡು ಬಡವರಾದವರು ಬಹಳ ಮಂದಿ. 2008ರ ಆಸುಪಾಸಿನ ಆರ್ಥಿಕ ಹಿಂಜರಿತ ಅವರ ಮನೆಬಾಗಿಲಿಗೇ ಬಂದಿತ್ತು. ತೊಂದರೆ ಏನೆಂದರೆ, ಉಪನಗರದಲ್ಲಿ ಕಷ್ಟಕ್ಕೆ ಸಿಕ್ಕಿದವರು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೂ ಹೋಗಲು ಬಸ್ಸಿಲ್ಲ, ಕೇಳಲು ಕಚೇರಿಯಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ ಎಂದುಕೊಂಡೇ ಊರು ಕಟ್ಟಿದ ಮೇಲೆ, ಚೆನ್ನಾಗಿಲ್ಲದವರಿಗೆ ಜಾಗ ಎಲ್ಲಿ?

ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಒಂದು ಹಳೆಯ ಕಥೆ ಇದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದ ಬ್ರೋಕರುಗಳು ಬಿಳಿಯರ ಬೀದಿಗಳಲ್ಲಿ ಮನೆಮನೆಗೆ ಹೋಗಿ "ಕರಿಯರು ಬರುತ್ತಿದ್ದಾರೆ, ಬೆಲೆ ಬೀಳುತ್ತದೆ, ಈಗಲೇ ಮಾರಿಬಿಡಿ" ಎಂದು ಹೆದರಿಸುತ್ತಿದ್ದರು. ಹೆದರಿದವರಿಂದ ಅಗ್ಗಕ್ಕೆ ಕೊಂಡು, ಬೇರೆಲ್ಲೂ ಮನೆ ಸಿಗದ ಕಪ್ಪುಜನರಿಗೆ ದುಬಾರಿಗೆ ಮಾರುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಬೆಲೆ ನಿಜಕ್ಕೂ ಬೀಳುತ್ತಿತ್ತು. ಆಗ ಬ್ರೋಕರ್ ಹೇಳಿದ್ದು ಸರಿಯಿತ್ತು ಎಂದಾಗುತ್ತಿತ್ತು! 1968ರ ಫೇರ್ ಹೌಸಿಂಗ್ ಕಾಯ್ದೆ ಈ ದಂಧೆಯನ್ನು ನಿಷೇಧಿಸಿತು.

ಶಿಕಾಗೋ ಪಕ್ಕದ ಓಕ್ ಪಾರ್ಕ್ ಎಂಬ ಅನುಕೂಲಸ್ಥರ ಉಪನಗರ ಇದಕ್ಕೆ ಸಿಕ್ಕಿಬೀಳಬಾರದೆಂದು ನಿರ್ಧರಿಸಿತು. ಅಲ್ಲಿನ ಆಡಳಿತದವರು 1978ರಲ್ಲಿ ಒಂದು ವಿಮೆ ತಂದರು. ನೀವು ಇಲ್ಲೇ ಇರಿ, ಐದು ವರ್ಷದ ನಂತರ ಮಾರುವಾಗ ಮನೆಯ ಬೆಲೆ ಬಿದ್ದಿದ್ದರೆ ನಷ್ಟದ ಶೇ. 80ರಷ್ಟನ್ನು ಊರೇ ತುಂಬಿಕೊಡುತ್ತದೆ ಎಂದರು. ಆ ಹಣವನ್ನು ಒಬ್ಬರಿಗೂ ಕೊಡುವ ಸಂದರ್ಭ ಬರಲಿಲ್ಲ. ಕಪ್ಪುಜನರು ಬಂದರು, ಬಿಳಿಯರು ಉಳಿದರು, ಬೆಲೆ ಬೀಳಲಿಲ್ಲ. ಜನರನ್ನು ತಡೆಯುವ ನಿಯಮ ಮಾಡುವ ಬದಲು ಹೆದರಿಕೆಗೆ ಒಂದು ಗ್ಯಾರಂಟಿ ಬರೆದುಕೊಟ್ಟ ಆ ಆಡಳಿತದ ಬುದ್ಧಿವಂತಿಕೆ ನನಗೆ ಬಹಳ ಇಷ್ಟ. ನಮ್ಮ ಸಮಿತಿಗೂ ಅದನ್ನೇ ಕೇಳುತ್ತಿದ್ದೇನೆ ಎಂದುಕೊಳ್ಳಿ.

ನಿಮ್ಮ ಪ್ರಸ್ತಾವವೂ ಹೊಸದಲ್ಲ. ಕ್ಲೀವ್‌ಲೆಂಡ್ ಪಕ್ಕದ ಯೂಕ್ಲಿಡ್ ಎಂಬ ಊರಿನ ಇಂಥದ್ದೇ ನಿಯಮವನ್ನು 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಒಂಟಿ ಮನೆಗಳ ನಡುವೆ ಎದ್ದು ನಿಲ್ಲುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಎಂದೇ ಕರೆಯಿತು, ಮರಕ್ಕೆ ಹಬ್ಬುವ ಬಂದಳಿಕೆಯ ಹಾಗೆ. ಅಲ್ಲಿಂದ ಮುಂದೆ ಯಾರನ್ನೂ ಹೆಸರು ಹಿಡಿದು ಹೊರಗಿಡುವ ಅಗತ್ಯ ಬೀಳಲಿಲ್ಲ. ಸೈಟಿನ ಅಳತೆ ದೊಡ್ಡದು ಮಾಡಿದರೆ ಸಾಕು, ಹಣವೇ ಜನರನ್ನು ಜರಡಿ ಹಿಡಿಯುತ್ತದೆ.

ಆ ಜರಡಿಯಲ್ಲಿ ಹೊರಗೆ ಬೀಳುವವರು ಯಾರು ಎನ್ನುವುದಕ್ಕೆ ಎಥೆಲ್ ಲಾರೆನ್ಸ್ ಅವರನ್ನು ನೆನೆಯಬೇಕು. ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನವರು ಅವರು. ಒಂಬತ್ತು ಮಕ್ಕಳ ತಾಯಿ, ಶಿಶುವಿಹಾರದ ಶಿಕ್ಷಕಿ. ಅವರ ಮನೆತನ ತಲೆಮಾರುಗಳಿಂದ ಅಲ್ಲೇ ಇತ್ತು, ಅಂದರೆ ಅದು ಹೊಲಗದ್ದೆಯ ಊರಾಗಿದ್ದ ಕಾಲದಿಂದ. ಊರು ಉಪನಗರವಾಯಿತು, ಬೆಲೆ ಏರಿತು. ಲಾರೆನ್ಸ್ ಮತ್ತು ಅವರ ಕಡೆಯವರು ಕೇಳಿದ್ದು ಮೂವತ್ತಾರು ಚಿಕ್ಕ ಮನೆಗಳಿಗೆ ಅನುಮತಿ, ತಮ್ಮ ಮಕ್ಕಳು ತಾವು ಹುಟ್ಟಿದ ಊರಲ್ಲೇ ಇರಲಿ ಎಂದು. 1970ರಲ್ಲಿ ಮೇಯರ್ ಒಂದು ಭಾನುವಾರ ಚರ್ಚಿಗೆ ಬಂದು ಉತ್ತರ ಕೊಟ್ಟರು. ಇಲ್ಲಿರಲು ನಿಮ್ಮ ಕೈಲಾಗದಿದ್ದರೆ ಊರು ಬಿಡಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಲಾರೆನ್ಸ್ ಕೋರ್ಟಿಗೆ ಹೋದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಬೆಳೆಯುತ್ತಿರುವ ಪ್ರತಿ ಊರೂ ಕಡಿಮೆ ಆದಾಯದವರಿಗೆ ತನ್ನ ಪಾಲಿನಷ್ಟು ಜಾಗ ಕೊಡಲೇಬೇಕು ಎಂದಿತು.

ತೀರ್ಪು ಬಂದರೂ ಮನೆ ಬರಲಿಲ್ಲ. ಅರ್ಜಿ, ತಕರಾರು, ಮೇಲ್ಮನವಿ ಎಂದು ವರ್ಷಗಳು ಉರುಳಿದವು. ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ 140 ಮನೆಗಳ ಬಡಾವಣೆಗೆ ಜನ ಬರುವ ಹೊತ್ತಿಗೆ 2000 ಬಂದಿತ್ತು. ಆ ಮನೆಗಳು ಬೇಡ ಎಂದವರು ಹೇಳಿದ್ದ ಕಾರಣ ಮೂರು: ಕಳ್ಳತನ ಹೆಚ್ಚುತ್ತದೆ, ಬೆಲೆ ಬೀಳುತ್ತದೆ, ತೆರಿಗೆ ಏರುತ್ತದೆ. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು ಹತ್ತು ವರ್ಷ ಕಳೆದ ಮೇಲೆ ಹೋಗಿ ಅಳೆದರು. ಅಕ್ಕಪಕ್ಕದಲ್ಲಿ ಮೂರೂ ಆಗಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ಸುತ್ತಲಿನ ನಿವಾಸಿಗಳಲ್ಲಿ ಎಷ್ಟೋ ಜನರಿಗೆ ತಮ್ಮ ಪಕ್ಕದಲ್ಲಿ ಅಂಥದ್ದೊಂದು ಬಡಾವಣೆ ಇರುವುದೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಬಡಿದಾಡಿದ್ದು ಅದಕ್ಕೇ!

ಸಭೆಯಲ್ಲಿ ಬಂದ ಕೆಲವು ದೂರುಗಳು ನ್ಯಾಯವಾಗಿದ್ದವು, ಇಲ್ಲ ಅನ್ನುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಚರಂಡಿಯ ಪೈಪು ಹಳೆಯದು. ತರಗತಿಗಳಲ್ಲಿ ಮಕ್ಕಳು ಜಾಸ್ತಿ. ಇವಕ್ಕೆಲ್ಲ ಪೈಪು ಬೇಕು, ಬಸ್ಸು ಬೇಕು, ಶಿಕ್ಷಕರು ಬೇಕು. ಅದು ಖರ್ಚಿನ ಮಾತು, ಕೂತು ಮಾತಾಡೋಣ. ಆದರೆ ಪೈಪಿನ ಕೋಪವನ್ನು ಔಟ್‌ಹೌಸಿನಲ್ಲಿರುವ ನರ್ಸಿನ ಮೇಲೆ ತೀರಿಸಿಕೊಳ್ಳುವುದು ಬೇಡ.

ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಮೂವರು. ಅವರನ್ನು ನೋಡಿಕೊಳ್ಳಲು ಬರುವವರಲ್ಲಿ ಒಬ್ಬರು ಮಾತ್ರ ಇಲ್ಲೇ, ಯಾರದೋ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದಾರೆ. ಉಳಿದಿಬ್ಬರು ಕತ್ತಲಲ್ಲಿ ಮನೆ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ನಿಮ್ಮ ಏರುವ ಗೆರೆಯಲ್ಲಿ ಆ ಒಬ್ಬರೂ ಇದ್ದಾರೆ. ನಿಯಮ ಪಾಸಾದರೆ ಅವರು ಹೋಗಬೇಕು, ಗೆರೆ ಸ್ವಲ್ಪ ಇಳಿಯುತ್ತದೆ, ನಮಗೆ ಸಂತೋಷವಾಗಬೇಕು. ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಉಸಿರು ಕಟ್ಟಿದರೆ ಫೋನು ಯಾರಿಗೆ ಮಾಡುವುದು?

ಆ ನರ್ಸಿಗೆ ಸ್ಕೂಲಿಗೆ ಹೋಗುವ ಒಬ್ಬ ಮಗನಿದ್ದಾನೆ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಒಂದು ಪ್ರಯೋಗ ನಡೆಯಿತು. ಕಡುಬಡತನದ ಕೇರಿಗಳ ಸುಮಾರು 4,600 ಕುಟುಂಬಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ, ಬಡತನ ಕಡಿಮೆ ಇರುವ ಕಡೆಗೆ ಹೋಗಲು ಬಾಡಿಗೆಗೆ ನೆರವು ಕೊಟ್ಟರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ವರ್ಷಗಳ ನಂತರ ಆ ಮಕ್ಕಳ ಸಂಪಾದನೆ ನೋಡಿದರು. ಹದಿಮೂರು ತುಂಬುವ ಮೊದಲು ಹಾಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದವರಿಗಿಂತ ಶೇ. 31ರಷ್ಟು ಜಾಸ್ತಿ ದುಡಿಯುತ್ತಿದ್ದರು. ದೊಡ್ಡವರಾದ ಮೇಲೆ ಹೋದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಆ ಹುಡುಗನಿಗೆ ಈಗ ಒಂಬತ್ತು.

ಹಾಗಾಗಿ ನನ್ನ ಎರಡನೆಯ ಕೋರಿಕೆ. ಪ್ರಸ್ತಾವವನ್ನು ತಿರುಗಿಸಿ ಬರೆಯಿರಿ. ಇರುವ ಮನೆಯನ್ನು ಎರಡು ಭಾಗ ಮಾಡಲು, ಔಟ್‌ಹೌಸನ್ನು ಬಾಡಿಗೆಗೆ ಕೊಡಲು, ದೊಡ್ಡ ಸೈಟಿನಲ್ಲಿ ಎರಡು ಮೂರು ಚಿಕ್ಕ ಮನೆ ಕಟ್ಟಲು ಅವಕಾಶ ಕೊಡಿ. ಕ್ಯಾಲಿಫೋರ್ನಿಯಾ 2016ರಿಂದ ಒಂದರ ಹಿಂದೆ ಒಂದು ಕಾನೂನು ಮಾಡಿ ಔಟ್‌ಹೌಸುಗಳಿಗೆ ಇದ್ದ ಅಡ್ಡಿಗಳನ್ನು ತೆಗೆಯಿತು. ಮೊದಲು ವರ್ಷಕ್ಕೆ ಸಾವಿರದ ಲೆಕ್ಕದಲ್ಲಿದ್ದ ಅನುಮತಿಗಳು ಕೆಲವೇ ವರ್ಷದಲ್ಲಿ ಇಪ್ಪತ್ತು ಸಾವಿರ ದಾಟಿದವು. ಬೀದಿಯ ನೋಟ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಇವು ಇರುವುದು ಹಿತ್ತಲಲ್ಲಿ. ಇದೇನು ಮಂತ್ರದಂಡ ಅಲ್ಲ ಎಂದೂ ಹೇಳಿಬಿಡುತ್ತೇನೆ. ಮಿನಿಯಾಪೊಲಿಸ್ ನಗರ 2018ರಲ್ಲಿ ಇಡೀ ನಗರದಲ್ಲಿ ಒಂದು ಸೈಟಿಗೆ ಮೂರು ಮನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಹಾಗೆ ಕಟ್ಟಿದವರು ಬೆರಳೆಣಿಕೆಯಷ್ಟೇ. ರಾತ್ರೋರಾತ್ರಿ ಜನಜಾತ್ರೆ ಆಗುತ್ತದೆ ಎಂದು ಹೆದರುವವರು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಬಹುದು. ನನಗಂತೂ ಇದರಿಂದ ಸ್ವಲ್ಪ ಬೇಸರವೇ ಆಯಿತು.

ನನ್ನ ಸ್ವಾರ್ಥವೂ ಇದರಲ್ಲಿದೆ, ಮುಚ್ಚಿಡುವುದಿಲ್ಲ. ನಮ್ಮ ಮನೆಯ ಮೇಲಿನ ಮಹಡಿಗೆ ನಾವಿಬ್ಬರೂ ಹತ್ತಿ ಎರಡು ವರ್ಷವಾಯಿತು. ಮೂರು ಕೋಣೆ ಧೂಳು ತಿನ್ನುತ್ತಿವೆ. ಹೊರಗಿನಿಂದ ಒಂದು ಮೆಟ್ಟಿಲು, ಮೇಲೆ ಒಂದು ಅಡುಗೆಮನೆ ಮಾಡಿದರೆ ಒಂದು ಕುಟುಂಬ ಆರಾಮವಾಗಿ ಇರಬಹುದು. ಬಾಡಿಗೆ ಬಂದರೆ ಛಾವಣಿ ರಿಪೇರಿಯಾಗುತ್ತದೆ. ಮೇಲೆ ಯಾರೋ ಓಡಾಡುವ ಸದ್ದು ಕೇಳಿದರೆ ನನ್ನ ಹೆಂಡತಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಮಕ್ಕಳಿದ್ದಾಗಿನ ಅಭ್ಯಾಸ.

ಅನುಮತಿ ಕೋರಿ ಅರ್ಜಿ ಮತ್ತು ನಕ್ಷೆಯನ್ನು ಈ ಪತ್ರದ ಜೊತೆಗೇ ಕಚೇರಿಗೆ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ನಿಮ್ಮ ಪ್ರಸ್ತಾವಕ್ಕಿಂತ ಮೊದಲು ಅದನ್ನು ಚರ್ಚೆಗೆ ತೆಗೆದುಕೊಳ್ಳಿ. ಈ ಸಲ ನಾನು ಮುಂದಿನ ಕುರ್ಚಿಯಲ್ಲೇ ಕೂತಿರುತ್ತೇನೆ.

ಇಂತಿ ನಿಮ್ಮ ನೆರೆಯವನು,
ಇಳಿಯುವ ಗೆರೆಯಲ್ಲಿರುವ ಒಬ್ಬ ನಿವಾಸಿ